ನಿಂತ ಗೆರೆಗೆ ಸಂಖ್ಯೆ ಸಿಕ್ಕಿದ ದಿನ

ಜೂನ್ ೧೪

ಅಪ್ಪ,

ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ" ದಾಟಿ ಮುಂದಕ್ಕೆ ಹೋದದ್ದೇ ಇಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಗಬೇಡ. ಅಮ್ಮನಿಗೂ ಓದಿ ಹೇಳು.

ಶಾಲೆ ಪರವಾಗಿಲ್ಲ. ನನ್ನ ನೇಮಕ ಒಂದು ವರ್ಷದ್ದು. ಆಮೇಲೆ ಇಟ್ಟುಕೊಳ್ಳುವುದೋ ಬಿಡುವುದೋ ಹೆಡ್‌ಮೇಡಂ ಕೈಯಲ್ಲಿದೆ. "ವರ್ಷದ ಕೊನೆಗೆ ನೋಡೋಣ ಟೀಚರ್" ಎಂದು ಅವರು ಮೊದಲ ದಿನವೇ ಹೇಳಿದ್ದಾರೆ, ಅದೂ ನಗದೆ. ನನ್ನ ತರಗತಿ ನಡೆಯುವುದು ಹಳೆಯ ದೊಡ್ಡ ಹಾಲಿನ ಅರ್ಧದಲ್ಲಿ. ನಡುವೆ ಒಂದು ಇಟ್ಟಿಗೆ ಗೋಡೆ ಕಟ್ಟಿ ಎರಡು ಮಾಡಿದ್ದಾರೆ. ಗೋಡೆ ಹನ್ನೆರಡು ಅಡಿ ಎತ್ತರ, ಅದರ ಮೇಲೆ ಖಾಲಿ, ಹೆಂಚಿನ ಮಾಡಿಗೆ ತಾಗುವುದಿಲ್ಲ. ಆಚೆ ಅರ್ಧದಲ್ಲಿ ಮುರಿದ ಬೆಂಚುಗಳನ್ನು ತುಂಬಿ ಬೀಗ ಹಾಕಿದ್ದಾರೆ. ಕೊನೆಯ ಬೆಂಚಿನ ಮಕ್ಕಳು ಆ ಗೋಡೆಗೇ ಬೆನ್ನು ಕೊಟ್ಟು ಕೂರುತ್ತಾರೆ.

ಪೆಟ್ಟಿಗೆ ಬಿಚ್ಚಿದರೆ ಬಟ್ಟೆಗಳ ನಡುವೆ ನೀನು ಗೋಡೆ ಕಟ್ಟುವಾಗ ನೇರ ನೋಡುತ್ತಿದ್ದ ತೂಗುಗುಂಡು! ಯಾವಾಗ ಇಟ್ಟೆ? ಹೇಗೂ ಬಂದಿದೆ ಎಂದು ತರಗತಿಗೇ ಒಯ್ದೆ. ಗೋಡೆಯ ಮೇಲ್ತುದಿಯ ಹತ್ತಿರ ಒಂದು ಉದ್ದನೆಯ ಮೊಳೆ ಇದೆ, ಅದಕ್ಕೆ ನೇತುಹಾಕಿ "ಇದು ನಿಂತ ಗೆರೆ, ನೆಲದ ಅಂಚು ಮಲಗಿದ ಗೆರೆ" ಎಂದು ತೋರಿಸಿದೆ. ಈಗ ಇಳಿಜಾರಿನ ಪಾಠ. ಎಷ್ಟು ಮೇಲೇರಿತು ಎಂಬುದನ್ನು ಎಷ್ಟು ಪಕ್ಕಕ್ಕೆ ಹೋಯಿತು ಎಂಬುದರಿಂದ ಭಾಗಿಸಬೇಕು, ಅಷ್ಟೇ. ಮಲಗಿದ ಗೆರೆ ಏರುವುದೇ ಇಲ್ಲ, ಸೊನ್ನೆಯನ್ನು ಐದರಿಂದ ಭಾಗಿಸಿದರೆ ಸೊನ್ನೆ. ನಿಂತ ಗೆರೆ ಪಕ್ಕಕ್ಕೆ ಹೋಗುವುದೇ ಇಲ್ಲ. ಎಂಟನ್ನು ಸೊನ್ನೆಯಿಂದ ಭಾಗಿಸಲು ಯಾರಿಂದಲೂ ಆಗದು, ಹಾಗಾಗಿ ಅದಕ್ಕೆ ಇಳಿಜಾರಿನ ಸಂಖ್ಯೆಯೇ ಇಲ್ಲ.

ಇಷ್ಟು ಹೇಳಿ "ನಿಂತ ಗೆರೆಯ ಇಳಿಜಾರು ಎಷ್ಟು?" ಎಂದು ಕೇಳಿದರೆ ಕೊನೆಯ ಬೆಂಚಿನಿಂದ "ಸೊನ್ನೆ!" ಅಲ್ಲಿ ಒಬ್ಬ ಸಣ್ಣ ಹುಡುಗಿ ಇದ್ದಾಳೆ, ಎಲ್ಲರೂ ಇಲಿಮರಿ ಎನ್ನುತ್ತಾರೆ. ಗದರಿದೆ. ಅವಳು ಕಣ್ಣು ಪಿಳಿಪಿಳಿ ಬಿಟ್ಟು, "ನಾನಲ್ಲ ಟೀಚರ್, ಹಿಂದಿರೋ ಹುಡುಗಿ ಹೇಳಿದ್ದು" ಎಂದಳು. ಅವಳ ಹಿಂದೆ ಗೋಡೆ ಬಿಟ್ಟರೆ ಏನೂ ಇಲ್ಲ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು, ನಾನೂ ನಕ್ಕೆ.

ಮಂಡಿ ನೋವು ಹೇಗಿದೆ?

ನಿನ್ನ ಲೆಕ್ಕದ ಟೀಚರ್

*

ಜೂನ್ ೨೭

ಪುಟ್ಟಿ,

ಕಾಗದ ಬಂತು. ನಿಮ್ಮಮ್ಮ ಮೂರು ಸಲ ಓದಿಸಿದ್ಳು, ಮೂರು ಸಲಾನೂ "ಊಟದ ವಿಷ್ಯ ಏನೂ ಬರ್ದೇ ಇಲ್ವಲ್ಲ" ಅಂದ್ಳು. ಊಟದ ವಿಷ್ಯ ಬರಿ.

ಗುಂಡು ನಾನೇ ಇಟ್ಟಿದ್ದು. ನಂಗೆ ಇನ್ನೇನಕ್ಕೆ ಅದು? ಹತ್ತೊಂಬತ್ತು ವರ್ಷದಿಂದ ನಾನು ಗೋಡೆ ಮುಟ್ಟಿಲ್ಲ, ಬರೀ ನೆಲ ಹಾಸ್ತಿದೀನಿ. ನಿನ್ನ ಭಾಷೇಲಿ ಹೇಳೋದಾದ್ರೆ ನಿಂತ ಗೆರೆ ಬಿಟ್ಟು ಮಲಗಿದ ಗೆರೆಗೆ ಬಂದಿದೀನಿ. ನೆಲ ಯಾರ ಮೇಲೂ ಬೀಳಲ್ಲ.

ನಿನ್ನ ಪಾಠ ನಂಗೆ ಅರ್ಥ ಆಯ್ತು, ತಲೆ ಇಲ್ಲ ಅಂದ್ಕೋಬೇಡ. ಬಚ್ಚಲಿಗೆ ಒಂದಡಿಗೆ ಎರಡು ನೂಲು ಇಳಿಜಾರು ಕೊಡ್ತೀನಲ್ಲ, ಅದೇ ತಾನೇ? ಅಂಗಳದ ನೀರು ಎತ್ತ ಹೋಗ್ಬೇಕೋ ಅತ್ತ ಹೋಗುತ್ತೆ. ನಿಂತಿದ್ದಕ್ಕೆ ಮಾತ್ರ ಇಳಿಜಾರು ಕೇಳ್ಬಾರ್ದು. ನಿಂತಿರೋದಕ್ಕೆ ಒಂದು ಸಂಖ್ಯೆ ಸಿಕ್ತು ಅಂದ್ರೆ ಅದು ನಿಂತಿಲ್ಲ, ಬೀಳ್ತಾ ಇದೆ.

ಮಾಡಿಗೆ ತಾಗದ ಗೋಡೆ ಅಂದ್ಯಲ್ಲ, ಅದು ನಂಗೆ ಇಷ್ಟ ಆಗ್ಲಿಲ್ಲ. ಮರಗೆಲಸದೋರ ಎಲ್ ಆಕಾರದ ಒಂದು ಮೂಲೆಮಟ್ಟ ತಂದು ನೆಲದ ಮೇಲಿಟ್ಟು ಗೋಡೆಗೆ ಒತ್ತಿ ನೋಡು. ಸಂದು ಇದ್ರೆ ಎಷ್ಟು ನೂಲು ಅಂತ ಬರಿ. ಮರೆತಿಲ್ಲ ತಾನೇ, ಇಂಚಿಗೆ ಎಂಟು ನೂಲು.

ಆ ಹುಡುಗಿ "ಸೊನ್ನೆ" ಅಂದ್ಳು ಅಂತ ಓದ್ದಾಗ ನಂಗೆ ನೀನೇ ನೆನಪಾದೆ. ನಾನು ಗೋಡೆ ಕಟ್ತಾ ಬೊಂಬಿನ ಸಾರುವೆ ಮೇಲೆ ನಿಂತು ದಾರ ಇಳಿಬಿಟ್ಟು "ಎಷ್ಟು?" ಅಂತಿದ್ದೆ, ನೀನು ಬುಡದಲ್ಲಿ ಕೂತು ನೋಡಿ ಕೂಗ್ತಿದ್ದೆ. ಗುಂಡು ಗೋಡೆಗೆ ತಾಗೀ ತಾಗದ ಹಾಗೆ ನಿಂತ್ರೆ "ಸೊನ್ನೆ!" ಜೊತೆಗೆ ಇಟ್ಟಿಗೆ ಕಟ್ತಿದ್ದ ಕಡ್ಡಿ "ನಿನ್ನ ಮಗಳ ಗಂಟ್ಲಿಗೆ ಕಾಗೆ ಹಾರೋಗುತ್ತೆ" ಅಂತ ನಗ್ತಿದ್ದ. ಇರ್ಲಿ. ಅವನ ಮೇಲೆ ಬಿದ್ದು ಜೀವ ತೆಗೆದ ಆ ಗೋಡೆ ನೇರವಾಗೇ ಇತ್ತು. ಊರೆಲ್ಲ ಏನೇ ಅನ್ನಲಿ, ನೀನು ನೋಡಿ ಸೊನ್ನೆ ಅಂದಿದ್ದೆ. ಬೀಳಿಸಿದ್ದು ಗಾಳಿ. ಅವನ ಹೆಂಡತಿಗೂ ಅದನ್ನೇ ಹೇಳಿದೀನಿ. ಆ ಒಂದು ಮಾತಿನ ಮೇಲೆ ನಾನು ಇಷ್ಟು ವರ್ಷ ತಲೆ ಎತ್ತಿ ಓಡಾಡಿದೀನಿ.

ಮಂಡಿ ಹಾಗೇ ಇದೆ.

ನಿನ್ನ ಅಪ್ಪ, ನೆಲ ಹಾಸೋನು

*

ಜುಲೈ ೨೦

ಅಪ್ಪ,

ಊಟದ ವಿಷಯ: ಮೂರು ಹೊತ್ತು ತಿನ್ನುತ್ತಿದ್ದೇನೆ, ಅಮ್ಮನಿಗೆ ಹೇಳು.

ನೀನು ಹೇಳಿದ ಹಾಗೆ ಮರಗೆಲಸದವರ ಹತ್ತಿರ ಮೂಲೆಮಟ್ಟ ತಂದೆ. ನಿಂತ ತೋಳು ಎರಡಡಿಯದು. ಮೇಲ್ತುದಿ ಗೋಡೆಗೆ ತಾಗಿತು, ಬುಡದಲ್ಲಿ ಎರಡು ನೂಲು ಸಂದು. ಎಂದರೆ ಗೋಡೆ ನಮ್ಮ ಕಡೆಗೇ ವಾಲಿದೆ. ಮಕ್ಕಳಿಗೆ ಲೆಕ್ಕ ಕೊಟ್ಟೆ. ಇಪ್ಪತ್ತನಾಲ್ಕು ಇಂಚು ಏರಿದರೆ ಕಾಲು ಇಂಚು ಪಕ್ಕಕ್ಕೆ, ಇಳಿಜಾರು ತೊಂಬತ್ತಾರು. ನಿಜವಾದ ಗೋಡೆಗೆ ಲೆಕ್ಕ ಹಾಕಿದ್ದಕ್ಕೆ ಅವರಿಗೆ ಹಬ್ಬವೋ ಹಬ್ಬ.

ನಿನ್ನೆ ಮತ್ತೆ ನೋಡಿದೆ. ನಾಲ್ಕು ನೂಲು. ಇಳಿಜಾರು ನಲವತ್ತೆಂಟಕ್ಕೆ ಇಳಿದಿದೆ.

ಆದರೆ ನಾನು ಬರೆಯಬೇಕೆಂದದ್ದು ಅದಲ್ಲ. ಗೋಡೆ ಈಚೆಗೆ ವಾಲಿದ್ದರೆ ಮೇಲಿನ ಮೊಳೆಯಿಂದ ಇಳಿಬಿಟ್ಟ ಗುಂಡು ಬುಡದಲ್ಲಿ ಗೋಡೆಯಿಂದ ದೂರ ತೂಗಬೇಕಲ್ಲವೇ? ತೂಗುತ್ತಿಲ್ಲ. ಮೊದಲ ದಿನ ಹೇಗೆ ಗೋಡೆಗೆ ತಾಗೀ ತಾಗದ ಹಾಗೆ ನಿಂತಿತ್ತೋ ಇವತ್ತೂ ಹಾಗೇ ನಿಂತಿದೆ. ಬೆರಳಿನಿಂದ ತಳ್ಳಿದರೆ ಗಡಿಯಾರದ ಲೋಲಕದ ಹಾಗೆ ಆಚೀಚೆ ಆಡುವುದಿಲ್ಲ. ಒಂದೇ ಸಲ ಹಿಂದಕ್ಕೆ ಬಂದು ಗೋಡೆಯ ಪಕ್ಕ ನಿಂತುಬಿಡುತ್ತದೆ, ಯಾರೋ ಕೆಳಗಿನಿಂದ ಹಿಡಿದುಕೊಂಡ ಹಾಗೆ. ಕಿಟಕಿ ತೆರೆದು ಗಾಳಿ ಬಿಟ್ಟೆ, ಕ್ಯಾಲೆಂಡರ್ ಪಟಪಟ ಹಾರಿತು, ದಾರ ಮಿಸುಕಲಿಲ್ಲ.

ಇಲಿಮರಿ ಈಗ ಎಲ್ಲ ಲೆಕ್ಕಕ್ಕೂ ಸೊನ್ನೆ ಬರೆಯುತ್ತಾಳೆ. ಕರೆದು ಕೇಳಿದರೆ, "ಅವಳು ಹಾಗೇ ಹೇಳ್ತಾಳೆ ಟೀಚರ್. ಅವಳು ತಲೆ ಎತ್ತೋದೇ ಇಲ್ಲ, ಏನೋ ಓದ್ತಾ ಇರ್ತಾಳೆ" ಎಂದಳು. ನಾನು ಜವಾನರಿಂದ ಆಚೆ ಕೋಣೆಯ ಬೀಗ ತೆಗೆಸಿದೆ. ಬೀಗದ ಮೇಲೆ ಜೇಡರ ಬಲೆ, ಒಳಗೆ ನೆಲದ ಮೇಲೆ ಒಂದು ಹೆಜ್ಜೆ ಗುರುತೂ ಇಲ್ಲದ ಧೂಳು.

ನನಗೆ ಭಯವಾಗುತ್ತಿದೆ ಅಪ್ಪ.

ಪುಟ್ಟಿ

*

ಜುಲೈ ೩೦

ಪುಟ್ಟಿ,

ಮೂಲೆಮಟ್ಟ ಬಾಗಿರ್ಬೇಕು. ಮಗುಚಿ ಹಿಡಿದು ಮತ್ತೆ ನೋಡು. ಇಲ್ಲಾಂದ್ರೆ ನೆಲ ಸರಿ ಇಲ್ಲ, ನೀರಿನ ಪೈಪು ಹಿಡಿದು ಮಟ್ಟ ನೋಡು. ಮಾತೆತ್ತಿದ್ರೆ ಗುಂಡಿನ ಮೇಲೆ ಯಾಕೆ ಗೂಬೆ ಕೂರಿಸ್ತೀಯ? ಗುಂಡು ಸುಳ್ಳು ಹೇಳಲ್ಲ. ಭೂಮಿ ಎಳೆಯೋದು ಒಂದೇ ಕಡೆ.

ಗುಂಡು ಸುಳ್ಳು ಅಂದ್ರೆ ಆ ದಿನದ ಗುಂಡೂ ಸುಳ್ಳು ಅಂದ ಹಾಗೆ. ಆ ಮಾತು ನನ್ನ ಹತ್ರ ಆಡ್ಬೇಡ.

ಅಪ್ಪ

*

ಆಗಸ್ಟ್ ೧೯

ಅಪ್ಪ,

ಮಗುಚಿ ಹಿಡಿದು ನೋಡಿದೆ, ಮೂಲೆಮಟ್ಟ ಸರಿಯಾಗಿದೆ. ಪೈಪಿನಲ್ಲಿ ನೀರು ತುಂಬಿ ಎರಡು ತುದಿ ಹಿಡಿದೆವು, ನೆಲ ಅಪ್ಪಟ ಮಟ್ಟ, ಇಳಿಜಾರು ಸೊನ್ನೆ. ಗೋಡೆ ಈಗ ಎಂಟು ನೂಲು. ಅದರ ಇಳಿಜಾರು ಇಪ್ಪತ್ತನಾಲ್ಕಕ್ಕೆ ಬಂದಿದೆ. ಗುಂಡು ಇನ್ನೂ ಗೋಡೆಗೆ ಅಂಟಿಕೊಂಡೇ ಇದೆ.

ಹೆಡ್‌ಮೇಡಂಗೆ ಹೇಳಿದೆ. ಅವರು ಕಟ್ಟಡದ ಇಂಜಿನಿಯರನ್ನು ಕರೆಸಿದರು. ಆತ ಬರಿಗೈಯಲ್ಲಿ ಬಂದು, ಸುತ್ತ ನೋಡಿ, "ಗುಂಡು ಇಲ್ಲೇ ಇದೆಯಲ್ಲ, ಸಾಕು" ಎಂದು ನಿನ್ನ ಗುಂಡನ್ನೇ ನೋಡಿದ. ಬಗ್ಗಿ ಒಂದು ಕಣ್ಣು ಮುಚ್ಚಿ, "ಸೊನ್ನೆ. ನೇರ ಇದೆ ಟೀಚರ್, ಸುಮ್ನೆ ಗಾಬರಿ ಬೀಳ್ಬೇಡಿ" ಎಂದ. ಮೂಲೆಮಟ್ಟ ಹಿಡಿದು ತೋರಿಸಹೋದರೆ, "ಆಟದ ಸಾಮಾನಲ್ಲಿ ಅಳೆದ್ರೆ ಹೀಗೇ" ಎಂದು ನಕ್ಕು ಹೋದ. ಹೆಡ್‌ಮೇಡಂ, "ಮಕ್ಕಳಿಗೆ ಪಾಠ ಮಾಡಿ, ಕಥೆ ಕಟ್ಬೇಡಿ. ಇನ್ನೊಂದು ಸಲ ಇಂಥದ್ದು ನನ್ನ ಕಿವಿಗೆ ಬಿದ್ರೆ ವರ್ಷದ ಕೊನೆವರೆಗೂ ಕಾಯಲ್ಲ" ಎಂದರು.

ಅವರೆಲ್ಲ ಹೋದಮೇಲೆ ನಾನೊಬ್ಬಳೇ ಕೊನೆಯ ಬೆಂಚಿನಲ್ಲಿ ಕೂತೆ. ಮಟಮಟ ಮಧ್ಯಾಹ್ನ, ಹೊರಗೆ ಮಕ್ಕಳ ಗಲಾಟೆ. ಹುಚ್ಚು ಧೈರ್ಯ ಮಾಡಿ ನಿನ್ನ ಹಾಗೇ ಗಟ್ಟಿಯಾಗಿ "ಎಷ್ಟು?" ಎಂದು ಕೇಳಿದೆ.

"ಸೊನ್ನೆ!"

ನನ್ನ ಬೆನ್ನ ಹಿಂದೆ, ಗೋಡೆಯ ಬುಡದಿಂದ. ಕಾಗೆ ಹಾರಿಹೋಗುವಂಥ ಗಂಟಲು. ಅಪ್ಪ, ಅದು ನನ್ನದೇ ದನಿ. ಹನ್ನೊಂದು ವರ್ಷದ ನಾನು.

ಹತ್ತೊಂಬತ್ತು ವರ್ಷ ಹೇಳದೆ ಉಳಿದದ್ದನ್ನು ಈಗ ಹೇಳುತ್ತೇನೆ. ಹರಿದು ಹಾಕಬೇಡ, ಪೂರ್ತಿ ಓದು. ಆ ದಿನ ನನ್ನ ಕೈಯಲ್ಲಿ ಕಥೆಪುಸ್ತಕವಿತ್ತು. ಇನ್ನು ಎರಡು ಪುಟ ಉಳಿದಿತ್ತು. ನೀನು ಮೇಲಿನಿಂದ "ಎಷ್ಟು?" ಎಂದೆ. ನಾನು ತಲೆ ಎತ್ತದೆ "ಸೊನ್ನೆ" ಎಂದೆ. ಮತ್ತೆ ಕೇಳಿದೆ, ಮತ್ತೆ ಹಾಗೇ ಎಂದೆ. ಸಂಜೆಯವರೆಗೂ ಹಾಗೇ. ನಾನು ಗುಂಡಿನ ಕಡೆ ನೋಡಲೇ ಇಲ್ಲ. ಮಾರನೆಯ ಮಧ್ಯಾಹ್ನ ಕಡ್ಡಿ ಮಾಮ ಆ ಗೋಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿ ಕೂತ. ನನ್ನನ್ನೂ ಕರೆದ. "ಬಾರೇ ಕಾಗೆ, ಒಂದು ತುತ್ತು" ಎಂದ. ನಾನು ಕೈ ತೊಳೆಯಲು ಹೋದೆ.

ಅಂದು ಗಾಳಿ ಎಲ್ಲಿತ್ತು ಅಪ್ಪ? ನಿನ್ನ ಗೋಡೆ ನೇರವಿರಲಿಲ್ಲ. ನೇರವಿದೆ ಎಂದು ನಾನು ಹೇಳಿದೆ, ನೀನು ನಂಬಿದೆ. ಇದನ್ನು ಬರೆದರೆ ನಿನ್ನ ಕಾಲ ಕೆಳಗಿನ ನೆಲವನ್ನೇ ಎಳೆದ ಹಾಗಾಗುತ್ತದೆ ಎಂದು ಗೊತ್ತು. ಆದರೆ ಈ ಗುಂಡನ್ನು ನಂಬಬೇಡ ಎಂದು ನಿನಗೆ ಹೇಳಲು ನನ್ನ ಹತ್ತಿರ ಬೇರೆ ದಾರಿಯಿಲ್ಲ. ಈ ಗೋಡೆಯ ಕೆಳಗೆ ಹದಿನಾಲ್ಕು ಮಕ್ಕಳು ಕೂರುತ್ತಾರೆ.

ಏನಾದರೂ ಬರಿ. ಬೈದಾದರೂ ಬರಿ.

ನೋಡದೆ ಹೇಳಿದವಳು

*

ಸೆಪ್ಟೆಂಬರ್ ೩

ಅಪ್ಪ,

ಎರಡು ವಾರವಾಯಿತು. ಅಂಚೆಯಣ್ಣ ನನ್ನ ಮುಖ ಕಂಡರೆ ದೂರದಿಂದಲೇ ತಲೆಯಾಡಿಸುತ್ತಾನೆ.

ಹತ್ತು ನೂಲು. ಇಳಿಜಾರು ಹತ್ತೊಂಬತ್ತು ಚಿಲ್ಲರೆ. ಗೋಡೆಯ ದಪ್ಪ ಒಂಬತ್ತು ಇಂಚು, ಎತ್ತರ ನೂರ ನಲವತ್ತನಾಲ್ಕು ಇಂಚು. ಹದಿನಾರಕ್ಕೆ ಬಂದರೆ ತಲೆ ಪಾದವನ್ನು ದಾಟುತ್ತದೆ, ಆಮೇಲೆ ನಿಲ್ಲುವುದಿಲ್ಲ. ಅದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಅಲ್ಲಿಂದ ಸೊನ್ನೆಗೆ ಒಂದೇ ಉಸಿರು.

ಕಸ ಗುಡಿಸುವ ನೆಪ ಮಾಡಿ ಬೆಂಚುಗಳನ್ನು ಮುಂದಕ್ಕೆ ಎಳೆಸಿದ್ದೆ. ಹೆಡ್‌ಮೇಡಂ ನೋಡಿ ಮತ್ತೆ ಹಿಂದಕ್ಕೆ ಹಾಕಿಸಿದರು. ನಾನು ಈಗ ಕೊನೆಯ ಬೆಂಚಿನ ಮಕ್ಕಳನ್ನು ಸರದಿಯ ಮೇಲೆ ಏನೋ ಒಂದು ತಪ್ಪು ಹುಡುಕಿ ಬೋರ್ಡಿನ ಹತ್ತಿರ ನಿಲ್ಲಿಸುತ್ತಿದ್ದೇನೆ. ಸಿಡುಕಿ ಟೀಚರ್ ಎಂದು ಹೆಸರಾಗಿದೆ.

ಪುಟ್ಟಿ

*

ಸೆಪ್ಟೆಂಬರ್ ೬

ಪುಟ್ಟಿ,

ನಿನ್ನೆ ಫೋನಲ್ಲಿ "ಮಕ್ಕಳನ್ನ ಆ ಗೋಡೆ ಹತ್ರ ಕೂರಿಸ್ಬೇಡ" ಅಂದು ಇಟ್ಬಿಟ್ಟೆ. ಉಳಿದಿದ್ದು ಇದರಲ್ಲಿದೆ. ಬಸ್ಸಿನ ಕಂಡಕ್ಟರ್ ಕೈಲಿ ಕಳಿಸ್ತಿದೀನಿ, ಸಂಜೆಯೊಳಗೆ ಸಿಗುತ್ತೆ.

ಮೊದಲು ಕೆಲಸದ ಮಾತು. ಅದೇ ಮೊಳೆಗೆ ಇನ್ನೊಂದು ದಾರ ಕಟ್ಟು. ಅದರ ತುದಿಗೆ ಒಂದು ಬೀಗ ಕಟ್ಟು, ಯಾರದ್ದಾದ್ರೂ ಸರಿ, ನಮ್ಮ ಮನೇದು ಮಾತ್ರ ಬೇಡ. ಎರಡನ್ನೂ ಪಕ್ಕಪಕ್ಕ ಇಳಿಬಿಡು. ನಿಮ್ಮ ಹೆಡ್‌ಮೇಡಂನ ಕೈ ಹಿಡ್ಕೊಂಡು ಬಂದು ತೋರಿಸು. ಲೆಕ್ಕ ಹೇಳೋಕೆ ಹೋಗ್ಬೇಡ, ಬರೀ ತೋರಿಸು.

ಈಗ ನನ್ನ ಮಾತು. ನೀನು ನೋಡ್ಲಿಲ್ಲ ಅಂತ ನಂಗೆ ಗೊತ್ತಿತ್ತು.

ಮೇಲಿಂದ ನಂಗೆ ನಿನ್ನ ನೆತ್ತಿ ಕಾಣ್ತಿತ್ತು ಕಣೇ. ಎರಡು ಜಡೆ, ಮಧ್ಯೆ ಬೈತಲೆ, ತೊಡೆ ಮೇಲೆ ಪುಸ್ತಕ. ಒಂದು ಸಲಾನೂ ತಲೆ ಎತ್ಲಿಲ್ಲ. ದಾರ ಗೋಡೆ ಬಿಟ್ಟು ನಿಂತಿದ್ದೂ ಕಾಣ್ತಿತ್ತು, ಕಮ್ಮಿ ಅಂದ್ರೂ ನಾಲ್ಕು ನೂಲು. ಇಳಿದು ಬಂದು ನೋಡ್ಬೇಕಿತ್ತು. ಸಾರುವೆ ಇಳಿಯೋದು, ಹತ್ತೋದು, ಮೂರು ಸಾಲು ಬಿಚ್ಚೋದು. ಬೇಜಾರಾಯ್ತು. ಹೇಗೂ ಕೆಳಗಿಂದ ಸೊನ್ನೆ ಅಂದಾಯ್ತಲ್ಲ ಅಂತ ಮುಂದಿನ ಇಟ್ಟಿಗೆ ಇಟ್ಟೆ.

ಆಮೇಲೆ ಎಲ್ಲರ ಮುಂದೆ ನಿನ್ನ ಸೊನ್ನೆ ಹಿಡ್ಕೊಂಡು ನಿಂತೆ. ಹನ್ನೊಂದು ವರ್ಷದ ಮಗಳ ಹಿಂದೆ ಅಡಗಿದೆ. ಅದನ್ನೇ ದಿನಾ ಹೇಳ್ಕೊಂಡು ಹೇಳ್ಕೊಂಡು ನಂಗೇ ನಿಜ ಅನ್ನಿಸ್ಬಿಡ್ತು. ನೀನು ಇಷ್ಟು ವರ್ಷ ಅದನ್ನ ಒಬ್ಬಳೇ ಹೊತ್ಕೊಂಡಿದ್ದೀಯ ಅಂತ ನಿನ್ನ ಕಾಗದ ನೋಡಿದ ಮೇಲೇ ಗೊತ್ತಾಗಿದ್ದು. ಎರಡು ವಾರ ನಾನು ಊಟ ಸೇರದೆ ಕೂತಿದೀನಿ. ನಿಮ್ಮಮ್ಮಂಗೆ ಇನ್ನೂ ಹೇಳಿಲ್ಲ.

ಆ ಗುಂಡು ನಾವು ಹೇಳಿಕೊಟ್ಟಿದ್ದನ್ನೇ ಹೇಳ್ತಿದೆ. ಅದನ್ನ ನಿನ್ನ ಪೆಟ್ಟಿಗೇಲಿ ಇಡ್ಬಾರ್ದಿತ್ತು. ನಂಗೆ ಅದನ್ನ ಮನೇಲಿಟ್ಕೊಳ್ಳೋಕೆ ಹೆದರಿಕೆ ಆಗ್ತಿತ್ತು, ಅದಕ್ಕೇ ಇಟ್ಟೆ.

ಬೇಗ ಮಾಡು. ಇವತ್ತೇ.

ಅಪ್ಪ

*

ಸೆಪ್ಟೆಂಬರ್ ೧೧

ಅಪ್ಪ,

ಎಲ್ಲರೂ ಬದುಕಿದ್ದಾರೆ. ಅದನ್ನು ಮೊದಲು ಬರೆಯುತ್ತೇನೆ.

ನಿನ್ನ ಕಾಗದ ಕೈಸೇರಿದಾಗ ಶಾಲೆ ಬಿಟ್ಟಾಗಿತ್ತು. ಹೆಡ್‌ಮೇಡಂ ಇನ್ನೂ ಆಫೀಸಿನಲ್ಲಿದ್ದರು. ಅವರ ಬೀರುವಿನ ಬೀಗವನ್ನೇ ಕೇಳಿ ತೆಗೆದುಕೊಂಡೆ. "ಏನು ಮಾಡ್ತೀರಿ ಇದ್ರಲ್ಲಿ?" ಎಂದು ಬೈಯುತ್ತಲೇ ಹಿಂದೆ ಬಂದರು. ಏಣಿ ಹತ್ತಿ ಬೀಗ ಕಟ್ಟಿ ಇಳಿಬಿಟ್ಟೆ. ಅದು ನಾಲ್ಕು ಸಲ ತೂಗಿ ನಿಂತಿತು.

ಒಂದೇ ಮೊಳೆ, ಎರಡು ದಾರ. ಮೇಲೆ ಕೂಡಿಕೊಂಡಿವೆ, ಕೆಳಗೆ ಬರುತ್ತ ಬರುತ್ತ ಅಗಲಿವೆ, ಕಾಲು ಅಗಲಿಸಿ ನಿಂತವರ ಹಾಗೆ. ಬುಡದಲ್ಲಿ ನಡುವೆ ನನ್ನ ಒಂದು ಗೇಣಿನಷ್ಟು ಜಾಗ. ನಡುವೆ ಏನೂ ಇಲ್ಲ. ಹೆಡ್‌ಮೇಡಂ ತುಂಬ ಹೊತ್ತು ನೋಡಿದರು. ಗುಂಡನ್ನು ಎಳೆದು ಬೀಗದ ಪಕ್ಕಕ್ಕೆ ತಂದು ಬಿಟ್ಟರು. ಅದು ಮೆಲ್ಲಗೆ ಗೋಡೆಗೆ ವಾಪಸು ಹೋಯಿತು. ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡು, "ನಿಮ್ಮ ಲೆಕ್ಕ ನಂಗೆ ಗೊತ್ತಾಗಲ್ಲ ಟೀಚರ್. ನಾಳೆಯಿಂದ ಮಕ್ಕಳು ಮೈದಾನದ ಮರದ ಕೆಳಗೆ ಕೂರ್ಲಿ" ಎಂದರು. ಬೀಗ ತೆಗೆಯಬೇಡಿ, ಅಲ್ಲೇ ಇರಲಿ ಎಂದೂ ಹೇಳಿದರು.

ಮೂರನೆಯ ದಿನ, ಎರಡನೇ ಪಿರಿಯಡ್‌ನಲ್ಲಿ ಬಿತ್ತು. ಮೈದಾನದಲ್ಲಿ ಎಲೆಯೂ ಅಲುಗುತ್ತಿರಲಿಲ್ಲ. ದಡಾರನೆ ಸದ್ದು, ಕಿಟಕಿಗಳಿಂದ ಕೆಂಪು ಧೂಳು. ಹೋಗಿ ನೋಡಿದರೆ ಹಿಂದಿನ ಮೂರು ಸಾಲು ಬೆಂಚುಗಳು ಪುಡಿಪುಡಿ. ಗೋಡೆ ನೆಲದ ಮೇಲೆ ಉದ್ದಕ್ಕೆ ಮಲಗಿತ್ತು. ಹೆಡ್‌ಮೇಡಂ ಬಾಗಿಲಲ್ಲೇ ಕುಸಿದು ಕೂತು ನನ್ನ ಕೈ ಹಿಡಿದುಕೊಂಡು ಅತ್ತರು. ನಾನೂ ಅತ್ತೆ. ಕಡ್ಡಿ ಮಾಮನಿಗಾಗಿ ಅಂದು ಅಳಬೇಕಿದ್ದದ್ದನ್ನೂ ಸೇರಿಸಿ ಅತ್ತೆ ಅನ್ನಿಸುತ್ತದೆ.

ಇಲಿಮರಿ ನನ್ನ ಪಕ್ಕ ಬಂದು ನಿಂತು, "ಟೀಚರ್, ಅವಳು ಎಲ್ಲಿಗೆ ಹೋದ್ಳು?" ಎಂದು ಕೇಳಿದಳು. ನಾನು ಅವಳ ಕೈ ಹಿಡಿದು ಮರದ ಕೆಳಗೆ ಕರೆದುಕೊಂಡು ಬಂದೆ.

ಇಟ್ಟಿಗೆಗಳ ಕೆಳಗೆ ಗುಂಡು ಸಿಕ್ಕಿತು. ಒಂದು ಗೀರೂ ಬಿದ್ದಿಲ್ಲ. ಪಾರ್ಸೆಲ್ ಮಾಡಿ ಕಳಿಸುತ್ತಿದ್ದೇನೆ. ಇದು ನಿನ್ನದು, ನೀನೇ ಇಟ್ಟುಕೊಳ್ಳಬೇಕು. ಸಿಟ್ಟಿನಿಂದ ಹೇಳುತ್ತಿಲ್ಲ. ಸಿಟ್ಟು ಬಂದಿತ್ತು, ಒಂದು ರಾತ್ರಿಯೆಲ್ಲ ಬಂದಿತ್ತು. ನೀನು ನನ್ನ ನೆತ್ತಿ ನೋಡುತ್ತ ಇಟ್ಟಿಗೆ ಇಟ್ಟೆ ಎಂಬುದನ್ನು ನಾನು ಇನ್ನೂ ಪೂರ್ತಿ ನುಂಗಿಕೊಂಡಿಲ್ಲ.

ಊಟ ಮಾಡು.

ಪುಟ್ಟಿ

*

ಅಕ್ಟೋಬರ್ ೨

ಪುಟ್ಟಿ,

ಪಾರ್ಸೆಲ್ ಬಂದು ಹತ್ತು ದಿನ ಆಯ್ತು. ಒಂಬತ್ತು ದಿನ ಬಿಚ್ಚಲಿಲ್ಲ, ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೆ.

ನಿನ್ನೆ ಬೆಳಿಗ್ಗೆ ನಿಮ್ಮಮ್ಮ ಅಂಗಡಿಗೆ ಹೋದಾಗ ತೆಗೆದೆ. ನಡುಮನೆ ಬಾಗಿಲ ಹತ್ರ ಸ್ಟೂಲ್ ಹಾಕ್ಕೊಂಡು ಹತ್ತಿದೆ. ಆ ಬಾಗಿಲ ಪಕ್ಕದ ಗೋಡೆ ನೇರ ಇದೆ, ಅದು ನಂಗೆ ಗೊತ್ತು, ಕಡ್ಡಿ ಕಟ್ಟಿದ್ದು. ಗುಂಡಿನ ದಾರ ಪೋಣಿಸಿರೋ ಮರದ ಬಿಲ್ಲೆನ ಮೇಲೆ ಗೋಡೆಗೆ ಒತ್ತಿ ಹಿಡಿದು ದಾರ ಇಳಿಬಿಟ್ಟೆ. ಮನೇಲಿ ಯಾರೂ ಇಲ್ಲ. ಕೈ ದಾರ ಹಿಡಿದ್ರೆ ಬಾಯಿ ಸುಮ್ನಿರಲ್ಲ, ಹಳೇ ಚಾಳಿ. "ಎಷ್ಟು?" ಅಂದೆ.

"ನಾಲ್ಕು ನೂಲು ಹೊರಗಿದೆ ಅಪ್ಪ. ಇಳಿದು ಬಾ."

ನೀನೇ. ಎರಡು ಜಡೆಯ ನೀನು. ಮೇಲಿಂದ ನೋಡ್ದೆ, ನೆಲದ ಮೇಲೆ ಯಾರೂ ಇರ್ಲಿಲ್ಲ. ಮಂಡಿ ಕೆಟ್ಟಿರೋನು ನಾನು, ಆದ್ರೂ ಆ ಸ್ಟೂಲಿಂದ ಹೇಗೆ ಇಳಿದೆ ಅಂತ ಕೇಳ್ಬೇಡ. ಬುಡದಲ್ಲಿ ಕೂತು ನೋಡ್ದೆ. ಗುಂಡು ನೆಲದ ಮೇಲೆ ಬಿದ್ದಿತ್ತು, ಹಿಡಿದಿದ್ದ ಕೈ ನಾನೇ ಬಿಟ್ಟಿದ್ನಲ್ಲ. ಅಲ್ಲೇ ಕೂತು ಮಗೂ ಥರ ಅತ್ತೆ. ನಿಮ್ಮಮ್ಮ ಬಂದು ನೋಡಿ ಬಿದ್ದೆ ಅಂದ್ಕೊಂಡ್ಳು. ಅವಳಿಗೆ ಎಲ್ಲ ಹೇಳಿದೆ. ಅವಳು ಚೀಲ ಕೆಳಗಿಡದೆ ನಿಂತೇ ಕೇಳಿದ್ಳು. ಕೊನೆಗೆ ಒಂದೇ ಮಾತು ಅಂದ್ಳು. "ನಂಗೆ ಹೇಳಿ ಏನು ಪ್ರಯೋಜನ? ಕೇಳ್ಬೇಕಾದೋಳು ಮೂರು ಬೀದಿ ಆಚೆ ಇದಾಳೆ."

ಕಡ್ಡಿ ಹೆಂಡತಿ ಈಗಲೂ ನಾನು ಎದುರಾದ್ರೆ "ಗಾಳಿಗೆ ಯಾರೇನು ಮಾಡೋಕಾಗುತ್ತೆ ಅಣ್ಣ" ಅಂತಾಳೆ. ಹತ್ತೊಂಬತ್ತು ವರ್ಷದಿಂದ ನನ್ನನ್ನೇ ಸಮಾಧಾನ ಮಾಡ್ತಿದಾಳೆ.

ಭಾನುವಾರ ಬೆಳಿಗ್ಗೆ ಅವಳ ಮನೆಗೆ ಹೋಗ್ತೀನಿ. ನಿನ್ನ ಹೆಸರು ಎತ್ತಲ್ಲ. ಅದು ನಿನ್ನ ಮಾತು, ಯಾವತ್ತು ಹೇಳ್ಬೇಕು ಅನ್ಸುತ್ತೋ ಅವತ್ತು ನೀನೇ ಹೇಳು, ಹೇಳ್ದಿದ್ರೂ ಸರಿ. ನನ್ನದು ಮಾತ್ರ ನಾನು ಹೇಳಿ ಬರ್ತೀನಿ. ಆದ್ರೆ ಅವಳ ಬಾಗಿಲಲ್ಲಿ ನನ್ನ ನಾಲಗೆ ಬಿದ್ದುಹೋಗುತ್ತೇನೋ ಅಂತ ಭಯ. ಶನಿವಾರದ ಬಸ್ಸಿಗೆ ಬಂದ್ಬಿಡು. ನೀನು ಬೀದಿ ತುದೀಲೇ ನಿಂತಿರು ಸಾಕು. ನಾನು ತಿರುಗಿ ನೋಡಿದಾಗ ನೀನು ತಲೆ ಎತ್ತಿ ನನ್ನನ್ನೇ ನೋಡ್ತಿರ್ಬೇಕು.

ನಿನ್ನ ಅಪ್ಪ, ತಡವಾಗಿ ಇಳಿದು ಬಂದೋನು